ವೇರಿಯಂಟ್ ಆರಿಸುವ ಮುನ್ನ ಹಿಂದಿನ ಸೀಟಿನಲ್ಲಿ ಕುಳಿತು ನೋಡಿ

2025ರ ಶ್ರಾವಣ ಮುಗಿಯುವ ಹೊತ್ತಿಗೆ ನನ್ನ ತಮ್ಮ ಹೊಳಲ್ಕೆರೆಯಿಂದ ಬಂದು, ದಾವಣಗೆರೆಯ ಮಂಡಿಪೇಟೆಯಲ್ಲಿರುವ ನಮ್ಮ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಗಾದಿಯ ಮೇಲೆ ಮೂರು ಕಾರುಗಳ ಬ್ರೋಷರ್ ಹರಡಿದ. ಅಡಿಕೆಯಲ್ಲಿ ನಾಲ್ಕು ಕಾಸು ಉಳಿದಿತ್ತು. ಹಳೆಯ ಕಾರು ಹನ್ನೊಂದು ವರ್ಷ ದುಡಿದು ದಣಿದಿತ್ತು. ಸಣ್ಣ ಅಳತೆಯ ಲಕ್ಷುರಿ ಸೆಡಾನ್ ಕೊಳ್ಳುವುದೆಂದು ಗಂಡ ಹೆಂಡತಿ ಇಬ್ಬರೂ ಆಗಲೇ ತೀರ್ಮಾನಿಸಿದ್ದರು. ಉಳಿದಿದ್ದು ಯಾವ ಕಾರು, ಅದರಲ್ಲಿ ಯಾವ ವೇರಿಯಂಟ್, ಅಂದರೆ ಒಂದೇ ಮಾದರಿಯಲ್ಲಿ ಸೌಲಭ್ಯವೂ ಬೆಲೆಯೂ ಬೇರೆಯಾಗಿರುವ ಯಾವ ಆವೃತ್ತಿ ಎಂಬುದು ಮಾತ್ರ.

"ಅಕ್ಕ, ಟಾಪ್ ಎಂಡ್ ತೆಗೆದುಕೊಂಡುಬಿಟ್ಟರೆ ಮುಂದೆ ಯೋಚನೆಯೇ ಇರುವುದಿಲ್ಲ, ಅಲ್ಲವೇ?" ಎಂದು ಕೇಳಿದ.

2021ರಲ್ಲಿ ನಾನೂ ಹಾಗೆಯೇ ಅಂದುಕೊಂಡು ಟಾಪ್ ಎಂಡ್, ಅಂದರೆ ಎಲ್ಲಕ್ಕಿಂತ ಮೇಲಿನ ವೇರಿಯಂಟನ್ನೇ ಕೊಂಡಿದ್ದೆ. ನಾಲ್ಕು ವರ್ಷದಿಂದ ಆ ಕಾರನ್ನು ನಾನೇ ಓಡಿಸುತ್ತಿದ್ದೇನೆ. ಸರಕು ತರಲು ತಿಂಗಳಿಗೆ ಒಂದೋ ಎರಡೋ ಸಲ ಬೆಂಗಳೂರಿಗೆ ಹೋಗಿಬರುತ್ತೇನೆ, ಒಂದು ಕಡೆಗೆ ಸುಮಾರು 260 ಕಿಲೋಮೀಟರ್. ಹಬ್ಬ ಹುಣ್ಣಿಮೆಗೆ ಅತ್ತೆಯವರನ್ನು ಕೂರಿಸಿಕೊಂಡು ಚನ್ನಗಿರಿ ಕಡೆಯ ಹಳ್ಳಿಗೆ ಹೋಗುತ್ತೇನೆ. ಆ ಕಾರಿನಲ್ಲಿ ನಾನು ದುಡ್ಡು ಕೊಟ್ಟು ಒಮ್ಮೆಯೂ ಬಳಸದ ಸೌಲಭ್ಯಗಳು ಎಷ್ಟಿವೆ, ಇರಬೇಕಿತ್ತು ಎನಿಸಿದರೂ ಇಲ್ಲದವು ಎಷ್ಟು ಎಂಬುದು ಈಗ ನನಗೆ ಬಾಯಿಪಾಠ. ತಮ್ಮನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ: ಆಮೇಲೆ ಹಾಕಿಸಲು ಬಾರದ್ದಕ್ಕೆ ದುಡ್ಡು ಕೊಡಿ. ಆಮೇಲೆ ಹಾಕಿಸಬಹುದಾದ್ದಕ್ಕೂ, ನಿಮ್ಮ ಮನೆಯಲ್ಲಿ ಯಾರೂ ಮುಟ್ಟದ್ದಕ್ಕೂ ಕೊಡಬೇಡಿ.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳಬೇಕು. ಒಂದೊಂದು ಕಂಪನಿ ಒಂದೊಂದು ರೀತಿಯಲ್ಲಿ ಹೆಸರಿಡುತ್ತದೆ. ಆಡಿ ಎ4 ಕಾರಿನಲ್ಲಿ ಪ್ರೀಮಿಯಂ, ಪ್ರೀಮಿಯಂ ಪ್ಲಸ್, ಟೆಕ್ನಾಲಜಿ ಎಂಬ ಮೂರು ಮೆಟ್ಟಿಲುಗಳಿವೆ. ಇಲ್ಲಿ ಹೆಸರು ಹೇಳುವುದು ಸೌಲಭ್ಯಗಳ ಮಟ್ಟವನ್ನು. ಮರ್ಸಿಡಿಸ್ ಎ ಕ್ಲಾಸ್ ಲಿಮೋಸಿನ್ 2021ರ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂದಾಗ ಎ 200, ಎ 200ಡಿ ಎಂದು ಎಂಜಿನ್ ಹಿಡಿದು ಹೆಸರಿಟ್ಟಿದ್ದರು; ಡಿ ಎಂದರೆ ಡೀಸೆಲ್. ಬಿಎಂಡಬ್ಲ್ಯು 2 ಸೀರೀಸ್ ಗ್ರಾನ್ ಕೂಪೆಯ ಮೊದಲ ತಲೆಮಾರಿನಲ್ಲಿ ಎಂಜಿನ್ ಹೆಸರಿನ ಪಕ್ಕದಲ್ಲಿ ಸ್ಪೋರ್ಟ್, ಎಂ ಸ್ಪೋರ್ಟ್ ಎಂಬ ಇನ್ನೊಂದು ಹೆಸರೂ ಇತ್ತು. ಎಂ ಸ್ಪೋರ್ಟ್ ಎಂದರೆ ಹೆಚ್ಚು ಜೋರಿನ ಕಾರು ಎಂದು ನನ್ನ ತಮ್ಮ ನಂಬಿದ್ದ. 220ಐ ಸ್ಪೋರ್ಟ್ ಮತ್ತು 220ಐ ಎಂ ಸ್ಪೋರ್ಟ್ ಎರಡರಲ್ಲಿಯೂ ಇದ್ದದ್ದು 190 ಅಶ್ವಶಕ್ತಿಯ ಅದೇ ಎರಡು ಲೀಟರ್ ಪೆಟ್ರೋಲ್ ಎಂಜಿನ್. ಬದಲಾಗುವುದು ಬಂಪರಿನ ಆಕಾರ, ಚಕ್ರ, ಸ್ಟಿಯರಿಂಗ್, ಒಳಗಿನ ಅಲಂಕಾರ, ಕೆಲವು ಸೌಲಭ್ಯಗಳು. ಹಾಗೆಯೇ ಕಾರಿನ ಬೆನ್ನಿನ ಮೇಲಿರುವ ಅಂಕಿಯನ್ನು ಎಂಜಿನ್ನಿನ ಗಾತ್ರ ಹೇಳುವ ಸಿಸಿ ಎಂದು ಓದಬೇಡಿ. ಎ 200ರ ಪೆಟ್ರೋಲ್ ಎಂಜಿನ್ 1,332 ಸಿಸಿಯದು, 163 ಅಶ್ವಶಕ್ತಿ ಕೊಡುತ್ತದೆ. ಅಂಕಿ ನೋಡಿ ಎರಡು ಲೀಟರ್ ಎಂದುಕೊಂಡವರನ್ನು ನಾನು ಬಲ್ಲೆ.

ಬ್ರೋಷರಿನ ಚಂದದ ಚಿತ್ರಗಳನ್ನು ದಾಟಿ ನೇರವಾಗಿ ಕೊನೆಯ ಪುಟಗಳ ಪಟ್ಟಿಗೆ ಹೋಗಿ. ತುಂಬಿದ ಚುಕ್ಕೆ ಇದ್ದರೆ ಆ ಸೌಲಭ್ಯ ಆ ವೇರಿಯಂಟಿನಲ್ಲಿ ಇದ್ದೇ ಇರುತ್ತದೆ, ಟೊಳ್ಳು ಚುಕ್ಕೆ ಇದ್ದರೆ ಬೇರೆ ಹಣ ಕೊಟ್ಟು ಹಾಕಿಸಬೇಕು, ಗೆರೆ ಇದ್ದರೆ ಸಿಗುವುದೇ ಇಲ್ಲ. ಹೆಚ್ಚಿನ ಬ್ರೋಷರುಗಳಲ್ಲಿ ಸಂಕೇತಗಳು ಹೀಗೆಯೇ ಇರುತ್ತವೆ, ಆದರೂ ಪುಟದ ಅಡಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಕನ್ನಡಕ ಹಾಕಿಕೊಂಡು ಓದಿ. ಚಿತ್ರದಲ್ಲಿ ಕಾಣುವ ಕಾರು ಹೊರದೇಶದ್ದಿರಬಹುದು, ತೋರಿಸಿದ ಪರಿಕರಗಳು ಇಲ್ಲಿ ಸಿಗದಿರಬಹುದು ಎಂದು ಅಲ್ಲಿಯೇ ಬರೆದಿರುತ್ತಾರೆ. ಸುರಕ್ಷತೆಯ ನಕ್ಷತ್ರಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಯೂರೋಪಿನ ಪರೀಕ್ಷೆಯಲ್ಲಿ ಐದು ನಕ್ಷತ್ರ ಬಂದಿದೆ ಎಂದರೆ ಅದು ಅಲ್ಲಿ ಮಾರುವ ಕಾರಿಗೆ ಬಂದದ್ದು. ಆ ಕಾರಿನಲ್ಲಿದ್ದ ಏರ್‌ಬ್ಯಾಗುಗಳು, ತಾನಾಗಿಯೇ ಬ್ರೇಕ್ ಹಾಕುವ ವ್ಯವಸ್ಥೆ ನೀವು ಕೊಳ್ಳುವ ವೇರಿಯಂಟಿನಲ್ಲಿ ಇವೆಯೇ ಎಂದು ಸಾಲು ಸಾಲಾಗಿ ಹೋಲಿಸಿ.

ನಾವು ಅಂಗಡಿಯ ಉದ್ದರಿ ಪುಸ್ತಕದ ಒಂದು ಖಾಲಿ ಹಾಳೆಯಲ್ಲಿ ಮೂರು ಕಂಬ ಎಳೆದೆವು. ಆಮೇಲೆ ಹಾಕಿಸಲಾಗದ್ದು, ಆಮೇಲೆ ಹಾಕಿಸಬಹುದಾದದ್ದು, ಬೇಡವಾದದ್ದು. ಮೊದಲನೆಯ ಕಂಬ ತುಂಬಿಸಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು, ಉಳಿದೆರಡು ಕಾಲು ಗಂಟೆಯಲ್ಲಿ ಮುಗಿದವು.

ಚಕ್ರದಿಂದ ಶುರು ಮಾಡುತ್ತೇನೆ, ಏಕೆಂದರೆ ನಾನು ಹೆಚ್ಚು ನೋವುಂಡದ್ದು ಅಲ್ಲಿಯೇ. ಮೇಲಿನ ವೇರಿಯಂಟಿಗೆ ಹೋದಂತೆ ಚಕ್ರ ದೊಡ್ಡದಾಗುತ್ತದೆ, ಟೈರು ತೆಳ್ಳಗಾಗುತ್ತದೆ. ಟೈರಿನ ಮೇಲೆ 225/45 ಆರ್17 ಎಂದು ಬರೆದಿದ್ದರೆ 225 ಎಂಬುದು ಮಿಲಿಮೀಟರಿನಲ್ಲಿ ಅಗಲ, 45 ಎಂಬುದು ಆ ಅಗಲದ ಶೇಕಡಾ ಲೆಕ್ಕದಲ್ಲಿ ಟೈರಿನ ಪಕ್ಕೆಯ ಎತ್ತರ, 17 ಎಂಬುದು ಇಂಚಿನಲ್ಲಿ ಚಕ್ರದ ವ್ಯಾಸ. ಈ ಟೈರಿನ ಪಕ್ಕೆ 101 ಮಿಲಿಮೀಟರ್. ಅದೇ 225/40 ಆರ್18 ಆದರೆ 90 ಮಿಲಿಮೀಟರ್. ಎರಡೂ ಚಕ್ರಗಳ ಹೊರಸುತ್ತು ಹತ್ತಿರ ಹತ್ತಿರ ಒಂದೇ, ಆದ್ದರಿಂದ ಕಣ್ಣಿಗೆ ಕಾರು ಎತ್ತರವಾಗಿ ಕಾಣುವುದಿಲ್ಲ; ಅಲ್ಯೂಮಿನಿಯಂ ಚಕ್ರಕ್ಕೂ ರಸ್ತೆಗೂ ನಡುವೆ ಇರುವ ರಬ್ಬರ್ ಮತ್ತು ಗಾಳಿ ಮಾತ್ರ 11 ಮಿಲಿಮೀಟರ್ ಕಡಿಮೆಯಾಗುತ್ತದೆ. ಹನ್ನೊಂದು ಮಿಲಿಮೀಟರ್ ಎಂದರೆ ಏನು ಮಹಾ ಎನಿಸುತ್ತದೆ. 2022ರ ಮಳೆಗಾಲದಲ್ಲಿ, ರಾತ್ರಿ ಹಿರಿಯೂರು ದಾಟಿ ಬರುವಾಗ ನೀರು ತುಂಬಿದ ಒಂದು ಗುಂಡಿಗೆ ನನ್ನ ಕಾರಿನ ಎಡ ಮುಂದಿನ ಚಕ್ರ ಇಳಿಯಿತು. ಟೈರಿನ ಪಕ್ಕೆ ಸೀಳಿತು, ಚಕ್ರದ ಅಂಚು ಬಾಗಿತು. ಅದು ಗಾಳಿ ಹೋದರೂ ಓಡುವ ರನ್‌ಫ್ಲಾಟ್ ಟೈರು. ಇಂಥ ಟೈರುಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ವೇಗ ಮೀರದೆ 80 ಕಿಲೋಮೀಟರ್‌ವರೆಗೆ ಹೋಗಬಹುದು ಎನ್ನುತ್ತಾರೆ. ಆದರೆ ಹಿರಿಯೂರಿನಿಂದ ದಾವಣಗೆರೆ ನೂರು ಕಿಲೋಮೀಟರ್ ದಾಟುತ್ತದೆ, ಪಕ್ಕೆಯೇ ಸೀಳಿದ ಟೈರಿನ ಮೇಲೆ ನೆಚ್ಚಿಕೆ ಇಡುವಂತೆಯೂ ಇರಲಿಲ್ಲ. ಡಿಕ್ಕಿ ತೆಗೆದು ನೋಡಿದರೆ ಸ್ಪೇರ್ ಚಕ್ರವಿಲ್ಲ. ಚಿತ್ರದುರ್ಗದವರೆಗೆ ಮೆಲ್ಲಗೆ ಬಂದು ಕಾರು ಅಲ್ಲಿಯೇ ಬಿಟ್ಟೆ. ಆ ಅಳತೆಯ ಟೈರು ಚಿತ್ರದುರ್ಗದಲ್ಲಾಗಲಿ ದಾವಣಗೆರೆಯಲ್ಲಾಗಲಿ ಸಿಗದೆ ಬೆಂಗಳೂರಿನಿಂದ ಬರುವವರೆಗೆ ಐದು ದಿನ ಬಸ್ಸಿನಲ್ಲಿ ಓಡಾಡಿದೆ.

ಆದ್ದರಿಂದ ವೇರಿಯಂಟ್ ಪಟ್ಟಿ ಕೈಗೆ ಬಂದ ಕೂಡಲೇ ಮೂರು ಪ್ರಶ್ನೆ ಕೇಳಿ: ಈ ವೇರಿಯಂಟಿನ ಟೈರಿನ ಅಳತೆ ಏನು, ರನ್‌ಫ್ಲಾಟ್ ಹೌದೇ ಅಲ್ಲವೇ, ಡಿಕ್ಕಿಯಲ್ಲಿ ಸ್ಪೇರ್ ಚಕ್ರ ಇದೆಯೇ ಅಥವಾ ಗಾಳಿ ತುಂಬುವ ಪಂಪು ಮತ್ತು ಅಂಟಿನ ಡಬ್ಬಿ ಮಾತ್ರವೇ. ಆ ಅಂಟು ಮೊಳೆ ಚುಚ್ಚಿದ ತೂತಿಗೆ ಆದೀತು, ಸೀಳಿದ ಪಕ್ಕೆಗೆ ಆಗದು. ದೊಡ್ಡ ಚಕ್ರದ ಕಾರು ಕೊಂಡು ಆಮೇಲೆ ಚಿಕ್ಕ ಚಕ್ರ ಹಾಕಿಸಿದರಾಯಿತು ಎನ್ನುವವರಿದ್ದಾರೆ. ಅದೇ ಮಾದರಿಯ ಕೆಳಗಿನ ವೇರಿಯಂಟಿಗೆ ಕಂಪನಿಯೇ ಕೊಡುವ ಅಳತೆಯಾಗಿದ್ದು, ಒಳಗಿನ ಬ್ರೇಕಿಗೆ ತಗಲದಿದ್ದರೆ ಮಾತ್ರ ಅದು ಸಾಧ್ಯ. ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ.

ಎರಡನೆಯದು ದೀಪ. ದಾವಣಗೆರೆಯಿಂದ ಹಿರಿಯೂರಿನವರೆಗಿನ ಹೆದ್ದಾರಿಯಲ್ಲಿ ರಾತ್ರಿ ಓಡಿಸಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಹಿಂದೆ ದೀಪವಿಲ್ಲದ ಮೆಕ್ಕೆಜೋಳದ ಟ್ರ್ಯಾಕ್ಟರು, ಸರ್ವಿಸ್ ರಸ್ತೆ ಬಿಟ್ಟು ಎದುರಿನಿಂದ ಬರುವ ಬೈಕು, ಡಿವೈಡರ್ ಹಾರಿ ದಾಟುವ ಜನ. ಎದುರಿನ ವಾಹನದ ಕಣ್ಣಿಗೆ ಹೊಡೆಯದಂತೆ ತನ್ನ ಬೆಳಕಿನ ಆ ಒಂದು ಭಾಗವನ್ನಷ್ಟೇ ನಂದಿಸಿಕೊಂಡು ಉಳಿದ ರಸ್ತೆಯನ್ನು ಬೆಳಗುವ ದೀಪಗಳು ಈ ದರ್ಜೆಯ ಕೆಲವು ಕಾರುಗಳ ಮೇಲಿನ ವೇರಿಯಂಟಿನಲ್ಲಿ ಸಿಗುತ್ತವೆ. ಕೆಳಗಿನದರಲ್ಲಿ ಸಾಮಾನ್ಯ ಎಲ್‌ಇಡಿ ಇರುತ್ತದೆ. ಈ ಒಂದು ಕಾರಣಕ್ಕೆ ಮೇಲಿನ ವೇರಿಯಂಟಿಗೆ ಹೋಗುವುದಾದರೆ ನಾನು ತಡೆಯುವುದಿಲ್ಲ. ಈ ದೀಪವನ್ನು ಆಮೇಲೆ ಹಾಕಿಸಲು ಹೋದರೆ ವೈರಿಂಗ್, ಕ್ಯಾಮೆರಾ, ಕಂಪ್ಯೂಟರ್ ಎಲ್ಲವನ್ನೂ ಕೆದಕಬೇಕಾಗುತ್ತದೆ, ವಾರಂಟಿಯೂ ಕೈಬಿಟ್ಟುಹೋಗಬಹುದು. ಹಗಲಿನಲ್ಲಿ ಟೆಸ್ಟ್ ಡ್ರೈವ್ ಮಾಡಿ ದೀಪದ ಬಗ್ಗೆ ತೀರ್ಮಾನಿಸಲು ಬರುವುದಿಲ್ಲ. ಕತ್ತಲಾದ ಮೇಲೆ ಒಮ್ಮೆ ಓಡಿಸಿ.

ಮೂರನೆಯದು ಹಿಂದಿನ ಸೀಟು. ಈ ಗಾತ್ರದ ಸೆಡಾನ್‌ಗಳು ನೋಡಲು ಇಳಿಜಾರು ಚಾವಣಿಯ ಸೊಗಸಿನವು, ಆದರೆ ಆ ಇಳಿಜಾರು ಬಂದು ಮುಟ್ಟುವುದು ಹಿಂದೆ ಕುಳಿತವರ ತಲೆಗೆ. ನಮ್ಮ ಅತ್ತೆಯವರಿಗೆ 78 ವರ್ಷ, ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದೆ, ಉಡುವುದು ಇಳಕಲ್ ಸೀರೆ. ಟೆಸ್ಟ್ ಡ್ರೈವಿಗೆ ಕಾರು ಬೆಂಗಳೂರಿನಿಂದ ನಮ್ಮ ಮನೆ ಬಾಗಿಲಿಗೆ ಬಂದಾಗ ನಾನು ಸ್ಟಿಯರಿಂಗ್ ಮುಟ್ಟುವ ಮೊದಲು ಅವರನ್ನು ಹಿಂದೆ ಕೂರಿಸಿದೆ. ಬೇಕೆಂದು ಒತ್ತಾಯಿಸಿದರೆ ಕಾರನ್ನು ನಮ್ಮ ಊರಿಗೇ ಕಳಿಸುತ್ತಾರೆ. ನಾವು ಎರಡು ಸಲ ಫೋನ್ ಮಾಡಿ ಕೇಳಬೇಕಾಯಿತು. ಮೊದಲನೆಯ ಕಾರಿನಲ್ಲಿ ಅತ್ತೆಯವರು ಒಳಗೆ ಹೋಗುವಾಗ ತಲೆ ಬಾಗಿಲಿನ ಚೌಕಟ್ಟಿಗೆ ತಾಗಿತು, ಇಳಿಯುವಾಗ ಎರಡು ಕೈ ಹಿಡಿದು ಎಬ್ಬಿಸಬೇಕಾಯಿತು. "ಕುಳಿತುಕೊಳ್ಳಲು ಚೆನ್ನಾಗಿದೆಯಮ್ಮ, ಏಳುವುದಕ್ಕೇ ಬಾವಿಯಿಂದ ಮೇಲೆ ಬಂದಂತಾಗುತ್ತದೆ" ಎಂದರು. ಎರಡನೆಯ ಕಾರಿನಲ್ಲಿ ಅದೇ ಮಾದರಿಯ ಎರಡು ವೇರಿಯಂಟ್ ನೋಡಿದೆವು. ದೊಡ್ಡ ಗಾಜಿನ ಚಾವಣಿ ಇದ್ದದ್ದರಲ್ಲಿ ಅದರ ಪರದೆ, ಹಳಿ, ಚೌಕಟ್ಟು ಕುಳಿತು ತಲೆಯ ಮೇಲಿನ ಜಾಗ ಎರಡು ಬೆರಳಷ್ಟು ಕಡಿಮೆ ಇತ್ತು. ನನ್ನ ತಮ್ಮ ಆರು ಅಡಿ ಎತ್ತರದವನು, ಅವನ ಕೂದಲು ಒಳಚಾವಣಿಯನ್ನು ಸವರುತ್ತಿತ್ತು.

ಸನ್‌ರೂಫ್ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿಯೇ ಹೇಳಿಬಿಡುತ್ತೇನೆ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಊರಿನ ಬಿಸಿಲಿನಲ್ಲಿ ಅರ್ಧ ಗಂಟೆ ನಿಂತ ಕಾರಿನ ಗಾಜಿನ ಚಾವಣಿಯನ್ನು ಒಳಗಿನಿಂದ ಮುಟ್ಟಿ ನೋಡಿ, ಆಮೇಲೆ ಅದಕ್ಕೆ ದುಡ್ಡು ಕೊಡಬೇಕೇ ಎಂದು ತೀರ್ಮಾನಿಸಿ. ಚಾವಣಿಯ ಮೂಲೆಗಳಿಂದ ಮಳೆನೀರು ಇಳಿದುಹೋಗಲು ಸಣ್ಣ ಕೊಳವೆಗಳಿರುತ್ತವೆ. ನಾನು ಮನೆಯ ಮುಂದಿನ ಹೊಂಗೆಮರದ ಕೆಳಗೆ ನಿಲ್ಲಿಸುತ್ತಿದ್ದೆ. ಹೂವು, ಧೂಳು ಸೇರಿ ಒಂದು ಕೊಳವೆ ಕಟ್ಟಿಕೊಂಡು ಎರಡನೆಯ ವರ್ಷವೇ ಒಳಗಿನ ಬಟ್ಟೆಗೆ ನೀರು ಇಳಿಯಿತು. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಆ ಕೊಳವೆಗಳನ್ನು ಸ್ವಚ್ಛ ಮಾಡಿಸುವುದನ್ನು ಸನ್‌ರೂಫ್ ಇರುವವರೆಲ್ಲರೂ ರೂಢಿಸಿಕೊಳ್ಳಬೇಕು. ನನ್ನನ್ನು ಕೇಳಿದರೆ ಆ ಹಣವನ್ನು ಗಾಳಿ ಬರುವ ಸೀಟಿಗೆ ಹಾಕಿ. ಸೀಟಿನ ಒಳಗಿನ ಸಣ್ಣ ಫ್ಯಾನ್ ಬೆನ್ನಿನ ಬೆವರನ್ನು ಆರಿಸುತ್ತದೆ, ಬಿಸಿಲಿನ ಊರಿಗೆ ಅದು ನಿಜವಾದ ಐಷಾರಾಮ. ಆದರೆ ಈ ದರ್ಜೆಯ ಎಲ್ಲ ಕಾರುಗಳಲ್ಲಿ ಅದು ಇಲ್ಲ, ಇದ್ದರೂ ಮುಂದಿನ ಎರಡು ಸೀಟಿಗೆ ಮಾತ್ರ. ಕೆಲವು ಪಟ್ಟಿಗಳಲ್ಲಿ 'ಹೀಟೆಡ್ ಸೀಟ್' ಎಂದಿರುತ್ತದೆ. ಅದು ಬಿಸಿ ಮಾಡುವ ಸೀಟು, ಶಿಮ್ಲಾದವರಿಗೆ ಬೇಕು.

ಹಿಂದೆ ಎ.ಸಿ. ಗಾಳಿಕಿಂಡಿ ಇದೆಯೇ, ಹಿಂದಿನವರು ತಮಗೆ ಬೇಕಾದ ತಂಪನ್ನು ತಾವೇ ಹೊಂದಿಸಿಕೊಳ್ಳಬಹುದೇ, ನಡುವೆ ಕೂರುವವರ ಕಾಲಿಗೆ ಅಡ್ಡ ಬರುವ ದಿಣ್ಣೆ ಎಷ್ಟು ಎತ್ತರ, ಮಗುವಿನ ಸೀಟನ್ನು ಬಿಗಿಯುವ ಐಸೋಫಿಕ್ಸ್ ಕೊಂಡಿ ಎಲ್ಲಿದೆ, ಹಿಂದಿನ ಸೀಟಿನ ಬೆನ್ನು ಭಾಗ ಭಾಗವಾಗಿ ಮಡಚುತ್ತದೆಯೇ, ಇವನ್ನೆಲ್ಲ ಕೈಯಿಂದ ಮುಟ್ಟಿ ನೋಡಿ. ಮಡಚುವ ಸೀಟು ಕೆಲವು ಕಡೆ ಮೇಲಿನ ವೇರಿಯಂಟಿಗೆ ಮಾತ್ರ ಕೊಡುತ್ತಾರೆ. ನನ್ನಂತೆ ಬಟ್ಟೆಯ ಗಂಟು ಹೊರುವವರಿಗೆ ಹತ್ತು ಬಣ್ಣದ ಒಳದೀಪಕ್ಕಿಂತ ಅದು ದೊಡ್ಡದು.

ಸೀಟಿನ ಬಣ್ಣ ಸಣ್ಣ ವಿಷಯವಲ್ಲ. ತಿಳಿ ಬೀಜ್ ಬಣ್ಣ ಶೋರೂಮಿನ ದೀಪದಲ್ಲಿ ಬೆಣ್ಣೆಯಂತೆ ಕಾಣುತ್ತದೆ. ಹೊಳಲ್ಕೆರೆಯ ತೋಟದ ಕೆಮ್ಮಣ್ಣು, ದಾವಣಗೆರೆ ಸುತ್ತಿನ ಎರೆಮಣ್ಣು, ದುರ್ಗಾಂಬಿಕೆಯ ಗುಡಿಯಿಂದ ಬಂದ ಕೈಯ ಕುಂಕುಮ ಭಂಡಾರ, ಇಷ್ಟೂ ಒಂದೇ ಹಬ್ಬದಲ್ಲಿ ಅದರ ಮೇಲೆ ಕೂರುತ್ತವೆ. ಕಂದು ಅಥವಾ ಕಪ್ಪು ಆರಿಸಿ. ಚರ್ಮವೆಂದು ಹೇಳುವ ಸೀಟು ಹಲವು ವೇರಿಯಂಟ್‌ಗಳಲ್ಲಿ ಕೃತಕ ಚರ್ಮ. ಮರ್ಸಿಡಿಸ್ ಅದನ್ನು ಆರ್ಟಿಕೋ ಎನ್ನುತ್ತದೆ, ಬಿಎಂಡಬ್ಲ್ಯು ಸೆನ್ಸಾಟೆಕ್ ಎನ್ನುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ನಮ್ಮ ಧೂಳಿಗೆ ಅದೇ ವಾಸಿ. ನಿಜವಾದ ಚರ್ಮಕ್ಕೆಂದು ಮೇಲಿನ ವೇರಿಯಂಟಿಗೆ ಏರಬೇಡಿ.

ಇನ್ನು ತಾನಾಗಿಯೇ ಬ್ರೇಕ್ ಹಾಕುವ, ರಸ್ತೆಯ ಗೆರೆ ಬಿಟ್ಟರೆ ಎಚ್ಚರಿಸುವ ಚಾಲಕ ನೆರವಿನ ಸೌಲಭ್ಯಗಳು. ಮುಂದಿನ ವಾಹನಕ್ಕೆ ಗುದ್ದುವ ಮೊದಲು ಎಚ್ಚರಿಸಿ ಬ್ರೇಕ್ ಒತ್ತುವುದು ಖಂಡಿತವಾಗಿ ಮೊದಲನೆಯ ಕಂಬಕ್ಕೆ ಸೇರಬೇಕು. ಗೆರೆ ಹಿಡಿದು ಓಡಿಸುವ ನೆರವು ಗೆರೆ ಇರುವ ಹೆದ್ದಾರಿಯಲ್ಲಿ ಕೆಲಸ ಮಾಡುತ್ತದೆ, ಊರೊಳಗೆ ಬಂದರೆ ನಾನು ಅದನ್ನು ನಿಲ್ಲಿಸಿಬಿಡುತ್ತೇನೆ. ಒಂದು ವಿಷಯ ಮಾತ್ರ ಮಾರುವವರು ಹೇಳುವುದಿಲ್ಲ: ಇವುಗಳ ಕ್ಯಾಮೆರಾ ಮುಂಗಾಜಿನ ಮೇಲ್ಭಾಗದಲ್ಲಿ ಇರುತ್ತದೆ. ಜಲ್ಲಿ ಲಾರಿಯಿಂದ ಕಲ್ಲು ಹಾರಿ ಗಾಜು ಒಡೆದರೆ ಹೊಸ ಗಾಜು ಕೂರಿಸಿದ ಮೇಲೆ ಕ್ಯಾಮೆರಾವನ್ನು ಉಪಕರಣ ಇಟ್ಟು ಮತ್ತೆ ಹೊಂದಿಸಬೇಕು. ಬೀದಿಬದಿಯ ಗಾಜಿನ ಅಂಗಡಿಯಲ್ಲಿ ಆಗುವ ಕೆಲಸವಲ್ಲ. ವಿಮೆಯಲ್ಲಿ ಗಾಜಿನ ಜೊತೆಗೆ ಆ ಖರ್ಚೂ ಸೇರಿದೆಯೇ ಎಂದು ಕೇಳಿಕೊಳ್ಳಿ.

ಸುತ್ತಲೂ ತೋರಿಸುವ 360 ಡಿಗ್ರಿ ಕ್ಯಾಮೆರಾ ಮಂಡಿಪೇಟೆಯ ಓಣಿಗಳಲ್ಲಿ ನನ್ನನ್ನು ಎಷ್ಟೋ ಸಲ ಕಾಪಾಡಿದೆ. ಮನೆಯಲ್ಲಿ ಇಬ್ಬರು ಓಡಿಸುವವರಿದ್ದರೆ ಸೀಟಿನ ಸ್ಥಾನ ನೆನಪಿಟ್ಟುಕೊಳ್ಳುವ ಸೌಲಭ್ಯ ಬೇಕೇ ಬೇಕು.

ಎರಡನೆಯ ಕಂಬದಲ್ಲಿ ನಾವು ಬರೆದದ್ದು ಮುಂದಿನ ರಸ್ತೆಯನ್ನು ಚಿತ್ರೀಕರಿಸುವ ಡ್ಯಾಶ್‌ಕ್ಯಾಮ್, ಮ್ಯಾಟ್, ವೈರಿಲ್ಲದ ಚಾರ್ಜರ್, ಗಾಳಿ ಶುದ್ಧಿ ಮಾಡುವ ಪೆಟ್ಟಿಗೆ. ಮೂರನೆಯದರಲ್ಲಿ ಕೈಸನ್ನೆಯಿಂದ ಹಾಡಿನ ದನಿ ಏರಿಸುವುದು, ಬಾಗಿಲಿನಿಂದ ನೆಲದ ಮೇಲೆ ಬೀಳುವ ಕಂಪನಿಯ ಗುರುತಿನ ಬೆಳಕು, ಅರುವತ್ತು ಬಣ್ಣದ ಒಳದೀಪ. ದುಬಾರಿ ಸ್ಪೀಕರುಗಳ ಬಗ್ಗೆ ಅಕ್ಕ ತಮ್ಮನಿಗೆ ವಾದವಾಯಿತು. ನನಗೆ ಬೆಳಿಗ್ಗೆ ಚಿತ್ರದುರ್ಗ ಆಕಾಶವಾಣಿ ಸ್ಪಷ್ಟವಾಗಿ ಕೇಳಿದರೆ ಸಾಕು. ತಮ್ಮನಿಗೆ ಸಂಗೀತದ ಹುಚ್ಚು, ಅವನು ಅದನ್ನು ಮೊದಲನೆಯ ಕಂಬದಲ್ಲಿಯೇ ಬರೆದ. ಸರಿ, ಕಾರು ಅವನದು. ಮೊಬೈಲಿನಿಂದ ಕಾರನ್ನು ಚಾಲೂ ಮಾಡುವ, ಎಲ್ಲಿದೆ ಎಂದು ನೋಡುವ ಸೇವೆಗಳು ಕೆಲವು ವರ್ಷ ಉಚಿತವಾಗಿದ್ದು ಆಮೇಲೆ ಚಂದಾ ಕೇಳಬಹುದು. ಎಷ್ಟು ವರ್ಷಕ್ಕೆ, ಆಮೇಲೆ ಎಷ್ಟು ಎಂದು ಬರೆಸಿಕೊಳ್ಳಿ.

ಈಗ ಲೆಕ್ಕ. ಎರಡು ವೇರಿಯಂಟ್‌ಗಳ ಎಕ್ಸ್ ಶೋರೂಂ ಬೆಲೆಯ, ಅಂದರೆ ನೋಂದಣಿ ತೆರಿಗೆ ಮತ್ತು ವಿಮೆ ಸೇರದ ಬೆಲೆಯ, ವ್ಯತ್ಯಾಸ ನಾಲ್ಕು ಲಕ್ಷ ಎಂದು ಇಟ್ಟುಕೊಳ್ಳಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18. ನಾಲ್ಕು ಲಕ್ಷಕ್ಕೆ 72,000 ರೂಪಾಯಿ, ಅದರ ಮೇಲೆ ಸೆಸ್. ಕಾರಿನ ಬೆಲೆ ಹೆಚ್ಚಾದಂತೆ ವಿಮೆಯೂ ಹೆಚ್ಚು. ಆನ್ ರೋಡ್ ಬೆಲೆಗೆ ಬರುವಾಗ ಆ ನಾಲ್ಕು ಲಕ್ಷ ಹತ್ತಿರ ಹತ್ತಿರ 4.8 ಲಕ್ಷ ದಾಟುತ್ತದೆ. ಅಷ್ಟನ್ನು ಶೇ 9ರ ಬಡ್ಡಿಗೆ ಐದು ವರ್ಷದ ಸಾಲ ಮಾಡಿದರೆ ತಿಂಗಳ ಕಂತು 10,000ಕ್ಕೆ ಸ್ವಲ್ಪ ಕಡಿಮೆ, ಒಟ್ಟು ತೀರಿಸುವುದು ಸುಮಾರು ಆರು ಲಕ್ಷ. ವಿಮೆಯ ಲೆಕ್ಕದಲ್ಲಿ ನಾಲ್ಕು ವರ್ಷ ದಾಟಿ ಐದನೆಯ ವರ್ಷದಲ್ಲಿರುವ ಕಾರಿನ ಬೆಲೆ ಅರ್ಧಕ್ಕೆ ಇಳಿದಿರುತ್ತದೆ. ಮರುಮಾರಾಟಕ್ಕೆ ಹೋದಾಗ ಕೊಳ್ಳುವವರು ವರ್ಷ, ಓಡಿದ ಕಿಲೋಮೀಟರ್, ಸರ್ವಿಸ್ ದಾಖಲೆ ನೋಡುತ್ತಾರೆ. ಒಳದೀಪಕ್ಕೆ ಬೆಲೆ ಕಟ್ಟಿದವರನ್ನು ನಾನು ಕಂಡಿಲ್ಲ. ನಾನು ಪ್ರತಿ ಸಾಲಿನ ಮುಂದೆ ಪ್ರಶ್ನೆಯನ್ನು ಹೀಗೆ ಬರೆದಿದ್ದೆ: ಇದಕ್ಕಾಗಿ ಐದು ವರ್ಷ ತಿಂಗಳಿಗೆ ಹತ್ತು ಸಾವಿರ ಕೊಡುತ್ತೀಯಾ? ದೀಪದ ಮುಂದೆ, ಬ್ರೇಕಿನ ಮುಂದೆ ತಮ್ಮ ಹೌದು ಎಂದ. ಗಾಜಿನ ಚಾವಣಿಯ ಮುಂದೆ ಪೆನ್ನು ಹಿಡಿದು ಸುಮ್ಮನೆ ಕುಳಿತ.

ಹತ್ತು ಲಕ್ಷ ಮೀರಿದ ಕಾರಿಗೆ ಶೇ 1 ಟಿಸಿಎಸ್, ಅಂದರೆ ಮಾರುವವರು ಮೊದಲೇ ವಸೂಲು ಮಾಡುವ ತೆರಿಗೆ, ಕಟ್ಟಿಸಿಕೊಳ್ಳುತ್ತಾರೆ. ಅದು ಖರ್ಚಲ್ಲ, ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿ ಆದಾಯ ತೆರಿಗೆಯ ಲೆಕ್ಕದಲ್ಲಿ ಹಿಂದಿರುಗುತ್ತದೆ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ನಾಲ್ಕು ಮೀಟರ್ ಮೀರಿದ ಈ ಸೆಡಾನ್‌ಗಳಿಗೆ ಮೊದಲು ಶೇ 28ರ ಮೇಲೆ ಪರಿಹಾರ ಸೆಸ್ ಬೇರೆ ಇತ್ತು. ಈಗ ಸೆಸ್ ಹೋಗಿ ಒಟ್ಟು ಶೇ 40. ಅದಕ್ಕೂ ಹಿಂದಿನ ದರಪಟ್ಟಿ ಯಾರಾದರೂ ಕೈಗಿತ್ತರೆ ಹೊಸದು ಕೇಳಿ ಪಡೆಯಿರಿ.

ಡೀಸೆಲ್ ಸಿಗುವ ಮಾದರಿಯಾದರೆ ನಿಮ್ಮ ಓಡಾಟ ನೋಡಿ ತೀರ್ಮಾನಿಸಿ. ದಿನವೂ ವಿದ್ಯಾನಗರದಿಂದ ಅಂಗಡಿಗೆ ನಾಲ್ಕು ಕಿಲೋಮೀಟರ್, ರೈಲ್ವೆ ಗೇಟಿನಲ್ಲಿ ಕಾಲು ಗಂಟೆ ನಿಲ್ಲುವುದು, ಇಷ್ಟೇ ಆದರೆ ಈಗಿನ ಹೊಗೆ ನಿಯಮದ ಬಿಎಸ್6 ಡೀಸೆಲ್ ಬೇಡ. ಅದರ ಹೊಗೆಕೊಳವೆಯಲ್ಲಿರುವ ಮಸಿ ಜರಡಿ ಬಿಸಿಯಾಗಿ ತನ್ನನ್ನು ತಾನೇ ಸುಟ್ಟು ಸ್ವಚ್ಛವಾಗಲು ಹೆದ್ದಾರಿಯ ಓಟ ಬೇಕು. ವಾರಕ್ಕೊಮ್ಮೆಯಾದರೂ ದೂರ ಹೋಗುವವರಿಗೆ ತೊಂದರೆ ಇಲ್ಲ.

ಟೆಸ್ಟ್ ಡ್ರೈವ್ ಮಾಡುವಾಗ ಮನೆಯವರೆಲ್ಲ ತುಂಬಿ ಕೂರಿ. ಒಬ್ಬರೇ ಹೋದರೆ ಯಾವ ಹಂಪೂ ತಗಲುವುದಿಲ್ಲ. ನಾವು ಐದು ಜನ ಕುಳಿತು ಹದಡಿ ರಸ್ತೆ ಹಿಡಿದು ಹಳ್ಳಿಗಳ ಹಂಪುಗಳ ಮೇಲೆ ಹೋದೆವು. ಊರಿನವರೇ ಹಾಕಿಕೊಂಡ ಎತ್ತರದ ಮಣ್ಣಿನ ಹಂಪಿನ ಮೇಲೆ ಒಂದು ಕಾರಿನ ಹೊಟ್ಟೆ ಉಜ್ಜಿತು, ಇನ್ನೊಂದು ಓರೆಯಾಗಿ ಹತ್ತಿಸಿದರೆ ಪಾರಾಯಿತು. ಆಮೇಲೆ ಹೆದ್ದಾರಿಗೆ ಬಂದು ಹೆಬ್ಬಾಳು ಟೋಲ್‌ವರೆಗೆ ಹೋಗಿ ತಿರುಗಿದೆವು. ಟೆಸ್ಟ್ ಡ್ರೈವಿಗೆ ಬರುವುದು ಹೆಚ್ಚಾಗಿ ಟಾಪ್ ಎಂಡ್. ನೀವು ಕೊಳ್ಳುವುದು ಬೇರೆ ವೇರಿಯಂಟ್ ಆದರೆ ಅದರ ಚಕ್ರ, ಸೀಟು, ದೀಪ ಇರುವ ಇನ್ನೊಂದು ಕಾರನ್ನು ನೋಡದೆ ಬುಕಿಂಗ್ ಹಣ ಕೊಡಬೇಡಿ.

ಹಳೆಯ ಕಾರು ಕೊಳ್ಳುವವರಿಗೆ ಒಂದು ಮಾತು. ನನ್ನ ತಮ್ಮನ ಸ್ನೇಹಿತರೊಬ್ಬರಿಗೆ ಬೇರೆ ಊರಿನ ಮಧ್ಯವರ್ತಿಯೊಬ್ಬರು ಮೂರು ವರ್ಷದ ಕಾರನ್ನು ಟಾಪ್ ಎಂಡ್ ಎಂದು ತೋರಿಸಿದ್ದರು. ಹಿಂದೆ ಮುಂದೆ ದೊಡ್ಡ ವೇರಿಯಂಟಿನ ಲಾಂಛನ, ಕಪ್ಪು ಗ್ರಿಲ್, ದೊಡ್ಡ ಚಕ್ರ ಎಲ್ಲ ಇತ್ತು. ಲಾಂಛನ ಅಂಗಡಿಯಲ್ಲಿ ಸಿಗುತ್ತದೆ. 17 ಅಕ್ಷರ ಅಂಕಿಗಳ ಚಾಸಿ ಸಂಖ್ಯೆಯನ್ನು ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕೊಟ್ಟು, ಕಾರ್ಖಾನೆಯಿಂದ ಹೊರಟಾಗ ಅದು ಯಾವ ವೇರಿಯಂಟ್ ಎಂದು ಕೇಳಿಸಿದಾಗ ಕೆಳಗಿನದೆಂದು ತಿಳಿಯಿತು. ಹಳೆಯ ವಿಮಾ ಪತ್ರದಲ್ಲಿಯೂ ವೇರಿಯಂಟಿನ ಹೆಸರು ಇರುತ್ತದೆ, ಹಿಂದಿನ ವರ್ಷಗಳ ಪ್ರತಿಯನ್ನು ಕೇಳಿ ನೋಡಿ. ಹೊರರಾಜ್ಯದ ಕಾರಾದರೆ ಅಲ್ಲಿಯ ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಕಾರಿನ ವಯಸ್ಸಿಗೆ ತಕ್ಕಂತೆ ಮತ್ತೆ ತೆರಿಗೆ ಕಟ್ಟಬೇಕು. ಕಡಿಮೆ ಬೆಲೆಗೆ ಸಿಕ್ಕಿತೆಂಬ ಸಂತೋಷ ಅಲ್ಲಿ ಕರಗುತ್ತದೆ.

ಕೊನೆಗೆ ತಮ್ಮ ಆರಿಸಿದ್ದು ಮೂರು ಮೆಟ್ಟಿಲುಗಳಲ್ಲಿ ನಡುವಿನದು. ಚಿಕ್ಕ ಚಕ್ರ, ಒಳ್ಳೆಯ ದೀಪ, ತಾನಾಗಿಯೇ ಹಾಕುವ ಬ್ರೇಕ್, ಕಂದು ಸೀಟು. ಅವನಿಗೆ ಬೇಕಿದ್ದ ಸ್ಪೀಕರುಗಳನ್ನು ಬೇರೆ ಹಣ ಕೊಟ್ಟು ಹಾಕಿಸಿದ. ಡೆಲಿವರಿ ಆಯುಧಪೂಜೆಯ ದಿನವೇ ಬೇಕೆಂದು ಅವನ ಹೆಂಡತಿಗೆ ಆಸೆಯಿತ್ತು. ಆ ದಿನ ಶೋರೂಮಿನಲ್ಲಿ ಸಾಲುಸಾಲು ಕಾರುಗಳಿಗೆ ಕುಂಬಳಕಾಯಿ ಒಡೆಯುತ್ತಿರುತ್ತಾರೆ, ಯಾರಿಗೂ ನಿಂತು ತೋರಿಸುವ ಪುರುಸೊತ್ತು ಇರುವುದಿಲ್ಲ. ಆದ್ದರಿಂದ ಎರಡು ದಿನ ಮೊದಲೇ ನಾವಿಬ್ಬರೂ ಬೆಂಗಳೂರಿಗೆ ಹೋಗಿ ಕಾರನ್ನು ಹಗಲು ಬೆಳಕಿನಲ್ಲಿ ಹೊರಗೆ ನಿಲ್ಲಿಸಿಕೊಂಡು ನೋಡಿದೆವು. ಉದ್ದರಿ ಪುಸ್ತಕದ ಹಾಳೆ ನನ್ನ ಕೈಯಲ್ಲಿತ್ತು. ಬಾಗಿಲಿನ ಚೌಕಟ್ಟಿನಲ್ಲಿರುವ ಚಾಸಿ ಸಂಖ್ಯೆ ಮತ್ತು ಕಾಗದದ್ದು ಒಂದೇ ಆಗಿವೆಯೇ, ತಯಾರಾದ ತಿಂಗಳು ಯಾವುದು, ನಾಲ್ಕು ಟೈರುಗಳ ಅಳತೆ ಒಂದೇ ಇದೆಯೇ, ಸ್ಪೇರ್ ಚಕ್ರದ ಜೊತೆ ಜಾಕ್ ಇದೆಯೇ, ಎರಡನೆಯ ಕೀಲಿ ಕೆಲಸ ಮಾಡುತ್ತದೆಯೇ, ಒಂದೊಂದನ್ನೂ ತಮ್ಮ ಓದಿ ಹೇಳಿದ, ನಾನು ಗುರುತು ಹಾಕಿದೆ. ಕಾರು ಸರಿಯಾಗಿತ್ತು. ತಪ್ಪು ಕಂಡದ್ದು ಕಾಗದದಲ್ಲಿ: ವಿಮಾ ಪತ್ರದ ಕರಡಿನಲ್ಲಿ ವೇರಿಯಂಟಿನ ಹೆಸರು ಕೆಳಗಿನದಾಗಿತ್ತು, ಹಾಕಿಸಿದ ಸ್ಪೀಕರುಗಳ ಬೆಲೆ ಲೆಕ್ಕಕ್ಕೆ ಸೇರಿರಲಿಲ್ಲ. ಹಾಗೆಯೇ ಬಿಟ್ಟಿದ್ದರೆ ನಾಳೆ ಅಪಘಾತವಾದಾಗ ಆ ವ್ಯತ್ಯಾಸವನ್ನು ನಾವೇ ಭರಿಸಬೇಕಿತ್ತು. ತಿದ್ದಿದ ಪ್ರತಿ ಬರುವವರೆಗೆ ಉಳಿದ ಹಣ ಕಳಿಸುವುದಿಲ್ಲ ಎಂದು ತಮ್ಮ ನಿಂತೇ ಹೇಳಿದ. ಸಂಜೆ ಆರು ಗಂಟೆಗೆ ಹೊಸ ಪ್ರತಿ ಬಂತು, ಹೆಸರು ಮತ್ತು ಬೆಲೆ ಎರಡನ್ನೂ ಹಾಳೆಯೊಂದಿಗೆ ಹೋಲಿಸಿ ನೋಡಿ ಅಲ್ಲಿಯೇ ಮೊಬೈಲಿನಿಂದ ಹಣ ಕಟ್ಟಿದ.